ಮನೆಯೇ ಪಾಠಶಾಲೆಯಾದಾಗ

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದಾಗ ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳುವುದು ಅನಿವಾರ್ಯವಾಗಿತ್ತು. ಶಾಲೆಗಳು ತೆರೆದ ಮೇಲೂ ಕೆಲವರು ಆ ಕ್ರಮವನ್ನೇ ಮುಂದುವರಿಸಿದ್ದಾರೆ. ಮಾಚೇನಹಳ್ಳಿಯಲ್ಲಿರುವ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಹೀಗೆಯೇ ಆಗಿದೆ. ಅವರ ಹತ್ತು ವರ್ಷದ ಮಗ ಕನ್ನಡವನ್ನು ಸ್ಫುಟವಾಗಿ ಓದುತ್ತಾನೆ. ಲೆಕ್ಕದಲ್ಲಿ ಓರಗೆಯವರಿಗಿಂತ ಮುಂದಿದ್ದಾನೆ. ತಂದೆತಾಯಿಯರ ಶ್ರದ್ಧೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವನೊಡನೆ ಚೌಕಾಬಾರ ಆಡಿ ನೋಡಬೇಕು. ಒಂದು ಕಾಯಿ ಹೊಡೆದರೆ ಸಾಕು, ಆಟ ಅಲ್ಲಿಗೇ ಮುಗಿಯುತ್ತದೆ. ಅವನನ್ನು ಸೋಲಿಸುವವರು ಆ ಮನೆಯಲ್ಲಿ ಯಾರೂ ಇಲ್ಲ.

ಶಾಲೆಗೆ ಕಳುಹಿಸದಿರುವುದಕ್ಕೆ ಅವರು ಕೊಡುವ ಮುಖ್ಯ ಕಾರಣ ಆಹಾರ. ಮಧ್ಯಾಹ್ನದ ಊಟದೊಡನೆ ಮೊಟ್ಟೆ ಕೊಡುವ ಯೋಜನೆ 2022ರಲ್ಲಿ ರಾಜ್ಯದಾದ್ಯಂತ ವಿಸ್ತರಿಸಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಒಂದೇ ಸಾಲಿನಲ್ಲಿ ಕುಳಿತರೆ ಸಂಸ್ಕಾರ ಕೆಡುವುದೆಂಬುದು ಅವರ ಅಳುಕು. ಈ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಎದುರಿಗೆ ಬಾರದ ವಸ್ತುವನ್ನು ಬಿಟ್ಟುದಕ್ಕೆ ತ್ಯಾಗವೆಂದು ಹೆಸರಿಡುವುದು ಹೇಗೆ? ನಲವತ್ತು ಮಕ್ಕಳ ನಡುವೆ ತಾನಾಗಿಯೇ ಬಾಳೆಹಣ್ಣನ್ನು ಆರಿಸಿಕೊಂಡು, ಪಕ್ಕದವನನ್ನು ಹೀಗಳೆಯದೆ ಅವನೊಡನೆ ನಗುತ್ತ ಉಣ್ಣುವ ಹುಡುಗನಲ್ಲಿ ವ್ರತ ಮೊಳೆಯುತ್ತದೆ. ಅನೇಕಾಂತವನ್ನು ಪುಸ್ತಕದಿಂದ ಬಾಯಿಪಾಠ ಮಾಡಿಸಬಹುದು. ಭಿನ್ನಮತದವನೇ ಇಲ್ಲದ ಕೋಣೆಯಲ್ಲಿ ಅದರ ಅಭ್ಯಾಸವಾಗದು.

ಮಾಚೇನಹಳ್ಳಿಯಂಥ ಊರಿನಲ್ಲಿ ಇದು ಇನ್ನೂ ದೊಡ್ಡ ನಷ್ಟ. ಶಿವಮೊಗ್ಗ–ಭದ್ರಾವತಿ ರಸ್ತೆಯ ಈ ಕೈಗಾರಿಕಾ ಪ್ರದೇಶದಲ್ಲಿ ನಾನಾ ಕಡೆಯಿಂದ ದುಡಿಯಲು ಬಂದವರಿದ್ದಾರೆ. ಹಾಲು ಒಕ್ಕೂಟದ ಡೈರಿಯೂ ಇಲ್ಲಿಯೇ ಇದೆ. ಸರ್ಕಾರಿ ಶಾಲೆಯ ಮಕ್ಕಳಿಗೆ 2013ರಿಂದ ಕ್ಷೀರಭಾಗ್ಯದ ಹಾಲು ಸಿಗುತ್ತಿದೆ. ಆ ಲೋಟ ಹಿಡಿದು ಸರದಿಯಲ್ಲಿ ನಿಲ್ಲುವ ಪಾಠವನ್ನು ಎಂಥ ಪಂಡಿತ ತಂದೆಯೂ ಮನೆಯಲ್ಲಿ ಹೇಳಿಕೊಡಲಾರ.

ಇನ್ನೊಂದು ಮಾತು, ಹೇಳಲು ಸ್ವಲ್ಪ ಕಷ್ಟದ್ದು. ಮಗು ಬಡವಾದರೆ, ಮಂಕಾದರೆ, ಅಂಜಿದರೆ ಶಾಲೆಯಲ್ಲಿ ಗುರುತಿಸಲು ಪರರ ಕಣ್ಣೊಂದಿರುತ್ತದೆ. ಮನೆಯಲ್ಲಿ ಪಾಠ ಹೇಳುವವರು, ಪರೀಕ್ಷಿಸುವವರು, ದಂಡಿಸುವವರು ಎಲ್ಲರೂ ಅವರೇ. ಮಗು ದೂರು ಹೇಳಬೇಕಾದರೆ ಯಾರಲ್ಲಿಗೆ ಹೋಗಬೇಕು?

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಆರು ವರ್ಷ ಮೀರಿಯೂ ಶಾಲೆಗೆ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಆದ್ದರಿಂದ ಕಾಲ ಮೀರಿಲ್ಲವೆಂದು ಬಂಧುಗಳಿಗೆ ತಿಳಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಬೇಯಿಸುವ ಪಾತ್ರೆ ಬೇರೆ ಇಡುತ್ತಾರೆಯೇ?’ ಎಂದಷ್ಟೇ ಕೇಳಿದರು. ಸೋಮವಾರ ಇಬ್ಬರೂ ಶಾಲೆಗೇ ಹೋಗಿ ಅಡುಗೆಮನೆ ನೋಡಿಬರೋಣವೆಂದೆ.