ಟಬ್ಬಿನ ತಳದಲ್ಲಿ ಹಸಿರು ಹಬೆ

"ಭಾವಾ, ಮೇಲೇಳಿ! ಬ್ರಷ್ ಬಿಟ್ಟು ಮೊದಲು ಮೇಲೇಳಿ!"

ಅವರು ಏಳಲಿಲ್ಲ. ಮಂಡಿಯೂರಿ, ಸೊಂಟದವರೆಗೆ ಟಬ್ಬಿನೊಳಗೆ ಬಗ್ಗಿ ತಳ ಉಜ್ಜುತ್ತಿದ್ದವರಿಗೆ ಕೆಮ್ಮು ಹತ್ತಿತ್ತು. ಕೆಮ್ಮು ಬಿಟ್ಟರೆ ತಾನೇ ಉಸಿರು, ಉಸಿರು ಸಿಕ್ಕರೆ ತಾನೇ ಏಳುವುದು! ಬಾಗಿಲಲ್ಲಿ ನಿಂತಿದ್ದ ನನ್ನ ಮೂಗಿಗೇ ಈಜುಕೊಳದ ವಾಸನೆ ಹತ್ತಾರು ಪಟ್ಟಾಗಿ ಬಡಿಯಿತು, ಕಣ್ಣಲ್ಲಿ ಖಾರ ಎರಚಿದಷ್ಟು ಉರಿ. ಅವರ ಮುಖದಿಂದ ಗೇಣುದ್ದ ಕೆಳಗೆ ಹಳದಿ ಬೆರೆತ ಹಸಿರು ಹಬೆ. ಮೇಲೇಳದೆ, ಚದುರದೆ, ಟಬ್ಬಿನ ತಳದಲ್ಲೇ ಮಡುಗಟ್ಟಿ ನಿಂತಿತ್ತು.

ಉಸಿರು ಬಿಗಿಹಿಡಿದು ನುಗ್ಗಿದೆ. ಅವರ ಎರಡೂ ಕಂಕುಳಿಗೆ ಕೈಹಾಕಿ ಎಳೆದೆ. ಒದ್ದೆ ನೆಲ, ಕಾಲು ಜಾರಿತು, ಮೊಣಕೈ ಗೋಡೆಗೆ ಬಡಿಯಿತು, ಆದರೂ ಬಿಡಲಿಲ್ಲ. ಹೊಸ್ತಿಲು ದಾಟಿದ್ದೇ ಅಕ್ಕ ಬಾಗಿಲು ಎಳೆದು ಹಾಕಿ, ಹೊರಗಿದ್ದ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ ಒತ್ತಿದಳು. "ರೀ, ಕಣ್ಣು ಉಜ್ಜಬೇಡಿ, ಉಜ್ಜಲೇಬೇಡಿ!" ಎಂದು ಕೂಗುತ್ತಲೇ ಅವರನ್ನು ಬಾಲ್ಕನಿಗೆ ನಡೆಸಿದಳು. ಒದ್ದೆಯಾದ ಅಂಗಿ ಬಿಚ್ಚಿದೆವು. ಅಡುಗೆಮನೆಯ ನಲ್ಲಿಯಿಂದ ಚೊಂಬುಗಟ್ಟಲೆ ನೀರು ತಂದು ಕಣ್ಣಿಗೆ ಹೊಯ್ದೆವು, ಹೊಯ್ಯುತ್ತಲೇ ಇದ್ದೆವು. ಕ್ಲೋರಿನ್ ತಾಗಿದ ಕಣ್ಣನ್ನು ಕನಿಷ್ಠ 15 ನಿಮಿಷ ತೊಳೆಯಬೇಕು. ಆ 15 ನಿಮಿಷ ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತದೆ.

ಆಗಿದ್ದು ಇಷ್ಟು. ಮನೆಗೆ ಬಣ್ಣ ಹೊಡೆದು ಹೋದ ಕೆಲಸಗಾರರು ಟಬ್ಬಿನ ಕಲೆ ಹೋಗಲಿ ಎಂದು ಬ್ಲೀಚಿಂಗ್ ಪೌಡರ್ ಕಲಸಿ ಬಳಿದು ಬಿಟ್ಟಿದ್ದರು. ಅದು ಒಣಗಿ ಸುಣ್ಣದಂತೆ ಕೂತಿತ್ತು. ಅದು ಹಳೆಯ ಕಲೆಯೇ ಎಂದುಕೊಂಡ ಭಾವ ಅದರ ಮೇಲೆ ಬಾತ್‌ರೂಮ್ ಆಸಿಡ್ ಸುರಿದರು. ಬ್ಲೀಚಿಂಗ್ ಪೌಡರಿನಲ್ಲಿರುವ ಹೈಪೋಕ್ಲೋರೈಟಿಗೆ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ಹೊರಡುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಜರ್ಮನ್ ಸೇನೆ ಸಿಲಿಂಡರುಗಳಿಂದ ಬಿಟ್ಟದ್ದು ಇದನ್ನೇ. ಗಾಳಿಗಿಂತ ಸುಮಾರು 2.5 ಪಟ್ಟು ಭಾರ. ಅಲ್ಲಿ ಕಂದಕಕ್ಕೆ ಇಳಿದು ಸೈನಿಕರನ್ನು ಹಿಡಿಯಿತು, ಇಲ್ಲಿ ಟಬ್ಬಿನಲ್ಲಿ ತುಂಬಿಕೊಂಡು ಬಗ್ಗಿದವರ ಮುಖಕ್ಕೆ ಕಾದು ಕೂತಿತ್ತು. ಕಣ್ಣಿನ, ಗಂಟಲಿನ, ಶ್ವಾಸಕೋಶದ ತೇವ ಸಿಕ್ಕಿತೋ, ಅಲ್ಲೇ ಆಮ್ಲವಾಗಿ ಸುಡುತ್ತದೆ. ಬಾತ್‌ರೂಮಿನ ಫ್ಯಾನ್ ಇರುವುದು ಸೂರಿನ ಹತ್ತಿರ, ಅನಿಲ ಇರುವುದು ನೆಲದಲ್ಲಿ. ಹಾಗಾಗಿ ಫ್ಯಾನ್ ತಿರುಗುತ್ತಿದೆ ಎಂದು ನಂಬಿ ಒಳಗೆ ನಿಲ್ಲುವಂತಿಲ್ಲ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಕೆಮ್ಮು ತಗ್ಗಿದ ಮೇಲೂ ಮನೆಗೆ ಬಿಡಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯ ಗಂಟೆಗಳ ನಂತರ ಎದ್ದು ಬರಬಹುದಂತೆ; ರಾತ್ರಿಯಿಡೀ ಬೆರಳಿಗೆ ಕ್ಲಿಪ್ ಹಾಕಿ ಕಾದರು. ನಾವೂ ಕಾದೆವು. ಬೆಳಿಗ್ಗೆ ಭಾವ ಬಾಯಿ ಬಿಟ್ಟು ಕೇಳಿದ ಮೊದಲ ಮಾತು: "ಕಲೆ ಹೋಯಿತೇನೋ?"

ಹೋಗಿರಲಿಲ್ಲ.

ಅದನ್ನು ಬಿಡುವ ಹಾಗೂ ಇರಲಿಲ್ಲ. ಸೊಂಟ ನೋವಿನ ಅಮ್ಮ ಬಿಸಿನೀರಲ್ಲಿ ಕೂತು ಹಗುರಾಗಲಿ ಎಂದೇ ಅಕ್ಕ ಟಬ್ ಇರುವ ಮನೆ ಹುಡುಕಿ ಲೀಸಿಗೆ ಹಿಡಿದಿದ್ದಳು. ಬೆಂಗಳೂರಿನ ಅಂಚಿನ ಅಪಾರ್ಟ್‌ಮೆಂಟು, ಕಾವೇರಿ ನೀರಿಲ್ಲ, ಬರೀ ಬೋರ್ ನೀರು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ. ಗಡಸು ಬೋರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಕೊಬ್ಬಿನಾಮ್ಲವನ್ನು ಹಿಡಿದುಕೊಂಡರೆ ನೊರೆಯ ಬದಲು ನೀರಲ್ಲಿ ಕರಗದ ಜಿಗುಟು ಹುಟ್ಟುತ್ತದೆ. ಉಗುರಿನಿಂದ ಗೀರಿದೆ: ಬೂದು ಬಣ್ಣದ ಮೇಣ ಸುರುಳಿಯಾಗಿ ಎದ್ದು ಬಂತು. ಅದರಡಿ ಬಿಳಿ ಸುಣ್ಣದ ಚಿಪ್ಪು, ಅದರಡಿ ಮತ್ತೆ ಮೇಣ. ವರ್ಷಗಟ್ಟಲೆ ಪದರದ ಮೇಲೆ ಪದರ ಕೂತಿತ್ತು.

ಹಾರ್ಡ್‌ವೇರ್ ಅಂಗಡಿಯವನು ಪೇಂಟ್ ರಿಮೂವರ್ ಡಬ್ಬ ಮುಂದಿಟ್ಟ. "ಸಾರ್, ಇದನ್ನ ಹಚ್ಚಿ, ಐದೇ ನಿಮಿಷ." ಡಬ್ಬದ ಮೇಲಿನ ಸಣ್ಣಕ್ಷರ ಓದಿದೆ: ಮೆಥಿಲೀನ್ ಕ್ಲೋರೈಡ್. ಮೈ ಜುಮ್ಮೆಂದಿತು. ಅಮೆರಿಕದಲ್ಲಿ 2000ರಿಂದ 2011ರೊಳಗೆ ಹಳೆಯ ಟಬ್ಬುಗಳ ಲೇಪ ಕೀಳುವ 13 ಕೆಲಸಗಾರರು ಈ ರಾಸಾಯನಿಕದ ಆವಿಗೆ ಸಿಕ್ಕಿ ಸತ್ತಿದ್ದಾರೆ. ಅದೂ ಗಾಳಿಗಿಂತ ಭಾರ, ಅದೂ ಟಬ್ಬಿನಲ್ಲೇ ಮಡುಗಟ್ಟುತ್ತದೆ. ಎಚ್ಚರ ತಪ್ಪಿಸುತ್ತದೆ, ಮೈಯೊಳಗೆ ಹೊಕ್ಕು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಬದುಕಿ ಬಂದ ಭಾವನನ್ನು ಮತ್ತೆ ಆ ಗುಂಡಿಗೆ ಬಗ್ಗಿಸುವುದೇ? ಡಬ್ಬ ವಾಪಸ್ ಕೊಟ್ಟು ಪಕ್ಕದ ದಿನಸಿ ಅಂಗಡಿಯಲ್ಲಿ ಕಾಲು ಕಿಲೋ ನಿಂಬೆ ಉಪ್ಪು ಕಟ್ಟಿಸಿದೆ.

ಈ ಸಲ ದಂಡಯಾತ್ರೆಯ ಮೊದಲ ಅಸ್ತ್ರ ಬರೀ ನೀರು. ಕಿಟಕಿ, ಬಾಗಿಲು ತೆರೆದಿಟ್ಟು, ವಾಸನೆಯ ಲವಲೇಶವೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಕೆಟ್ಟುಗಟ್ಟಲೆ ಸುರಿದು ಹಳೆಯ ಪುಡಿ, ಆಸಿಡ್ ಎಲ್ಲವನ್ನೂ ಕೊಚ್ಚಿಹಾಕಿದೆವು. ಆಮೇಲೆ ಬಿಸಿನೀರು ತುಂಬಿ ಮೇಣ ಮೆತ್ತಗಾಗಲು ಬಿಟ್ಟೆವು. ನೀರು ಬಸಿದು, ಒಂದು ಲೀಟರ್ ಬಿಸಿನೀರಿಗೆ ನಾಲ್ಕು ಚಮಚ ನಿಂಬೆ ಉಪ್ಪು ಕರಗಿಸಿ, ಕಾಣದ ಮೂಲೆಯಲ್ಲಿ ಹಚ್ಚಿ ನೋಡಿದೆವು. ಅಕ್ರಿಲಿಕ್ ಟಬ್, ಹೊಳಪು ಕೆಡಲಿಲ್ಲ. ಎನಾಮೆಲ್ ಟಬ್ ಆಗಿದ್ದರೆ ಈ ಹುಳಿಯೂ ಮೈ ತಿನ್ನಬಹುದಿತ್ತು.

ಕಡಿದಾದ ಗೋಡೆಯ ಮೇಲೆ ದ್ರಾವಣ ನಿಲ್ಲಬೇಕಲ್ಲ! ಭಾವನ ಹಳೆಯ ಬನಿಯನ್ನುಗಳನ್ನು ಹರಿದು, ಅದರಲ್ಲಿ ಅದ್ದಿ, ಟಬ್ಬಿನ ಮೈಗೆ ಮೆತ್ತಿದೆ. ಒಣಗದಿರಲು ಮೇಲೆ ಪ್ಲಾಸ್ಟಿಕ್ ಹಾಳೆ. ಸುಣ್ಣ ಇದ್ದಲ್ಲೆಲ್ಲ ಸಣ್ಣಗೆ ಚುರುಗುಟ್ಟುವ ಸದ್ದು. ಅರ್ಧ ಗಂಟೆ! ಬಾಗಿಲಾಚೆ ಕುರ್ಚಿಯಲ್ಲಿ ಕೂತ ಭಾವ "ಬಿಡ್ತಾ? ಈಗ ಬಿಡ್ತಾ?" ಎನ್ನುತ್ತಲೇ ಇದ್ದರು.

ಬಟ್ಟೆ ಸುಲಿದೆ. ಸುಣ್ಣ ಕರಗಿತ್ತು, ಆದರೆ ಕೈಗೆ ಜಿಡ್ಡೋ ಜಿಡ್ಡು. ಎದೆ ಧಸಕ್ಕೆಂದಿತು. ಮರುಕ್ಷಣ ಹೊಳೆಯಿತು: ಹುಳಿ ಕ್ಯಾಲ್ಸಿಯಮ್ಮನ್ನು ಬಿಡಿಸಿದೆ, ಬಿಡುಗಡೆಯಾದ ಕೊಬ್ಬಿನಾಮ್ಲ ಅಲ್ಲೇ ಕೂತಿದೆ. "ಅಕ್ಕಾ, ಪಾತ್ರೆ ತೊಳೆಯೋ ಲಿಕ್ವಿಡ್ ಕೊಡು, ಬೇಗ!" ಸಾಬೂನಿನಂತಲ್ಲ, ಗಡಸು ನೀರಿಗೆ ಜಗ್ಗದ ಡಿಟರ್ಜೆಂಟ್ ಅದು. ಸ್ಪಾಂಜಿನ ಮೆತ್ತನೆಯ ಬದಿಯಿಂದ ಸುತ್ತುಸುತ್ತಾಗಿ ಉಜ್ಜಿದೆ; ಹಸಿರು ಸ್ಕ್ರಬ್ಬರ್, ಸ್ಟೀಲ್ ನಾರು ಹತ್ತಿರ ಸುಳಿಯಬಾರದು, ಅವು ಗೀರಿದ ಗೆರೆಯಲ್ಲೇ ಮುಂದಿನ ಕೊಳೆ ಮನೆ ಮಾಡುತ್ತದೆ. ಬೂದು ನೀರು ಹರಿಯಿತು. ಮತ್ತೆ ಬನಿಯನ್, ಮತ್ತೆ ಕಾಯುವುದು, ಮತ್ತೆ ಸ್ಪಾಂಜು. ಬೆನ್ನು ಸೆಟೆಯಿತು, ಬೆರಳು ಮರಗಟ್ಟಿತು, ಪದರ ಪದರವಾಗಿ ಶತ್ರು ಹಿಮ್ಮೆಟ್ಟಿತು, ಒಳಗಿನಿಂದ ಬಿಳುಪು ಇಣುಕಿತು!

ಕೊನೆಗೆ ಉಳಿದದ್ದು ನೀರು ಹೋಗುವ ತೂತಿನ ಪಕ್ಕದ ತುಕ್ಕಿನ ಕಲೆ, ಬೋರ್ ನೀರಿನ ಕಬ್ಬಿಣದ್ದು. ನಿಂಬೆ ಉಪ್ಪಿಗೆ ಕಬ್ಬಿಣವನ್ನೂ ಹಿಡಿದೆಳೆಯುವ ಗುಣ ಇದೆ. ಟಿಶ್ಯೂ ಮಡಿಸಿ, ದ್ರಾವಣದಲ್ಲಿ ನೆನೆಸಿ, ಕ್ರೋಮ್ ಬಿಲ್ಲೆಗೆ ತಾಗದಂತೆ ಕಲೆಯ ಮೇಲಷ್ಟೇ ಹಾಸಿದೆ. ಎತ್ತಿ ನೋಡಿದರೆ ಅರ್ಧ ಹೋಗಿದೆ. ಹೊಸ ಟಿಶ್ಯೂ ಹಾಸಿದೆ. ಭಾವ ತಡೆಯಲಾರದೆ ಎದ್ದು ಬಂದು, ನನ್ನ ಭುಜ ಹಿಡಿದು ಬಗ್ಗಿ, ತಾವೇ ಅದನ್ನು ಸುಲಿದರು.

"ಹೋಯ್ತು ಕಣೋ! ಅತ್ತೇ, ಬನ್ನಿ ಇಲ್ಲಿ, ಹೋಯ್ತು!"

ಅಮ್ಮ ಗೋಡೆ ಹಿಡಿದುಕೊಂಡು ಬಂದಳು, ಟಬ್ಬಿನ ಮೈ ಸವರಿ ನೋಡಿದಳು. ಅಕ್ಕ ಗೀಸರ್ ಹಾಕಲು ಓಡಿದಳು.