ಅಂಚೆಯಲ್ಲಿ ಹೋಗುತ್ತಿದ್ದ ಕಥೆಗಳು

ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ಕಥೆ ಬರೆಯುವ ಹುಡುಗರಿಗೆ ಮೊದಲೆಲ್ಲ ಕೆಲವು ಕಟ್ಟಳೆ ಬಾಯಿಪಾಠವಾಗಿದ್ದವು. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಬೇಕು, ಎಡಗಡೆ ಅಂಚು ಬಿಡಬೇಕು, ಸ್ವಂತ ವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆಯನ್ನು ಜೊತೆಗಿಡಬೇಕು. ಆಮೇಲೆ ತಿಂಗಳುಗಟ್ಟಲೆ ಕಾಯಬೇಕು. ಬಹಳ ಸಲ ಅದೇ ಲಕೋಟೆ ವಿಷಾದಪತ್ರ ಹೊತ್ತು ಮರಳುತ್ತಿತ್ತು. ಅಪರೂಪಕ್ಕೆ ಸಂಪಾದಕರ ಕೈಬರಹದ ಕಾರ್ಡು ಬಂದರೆ, ಕಥೆ ಅಚ್ಚಾಗದಿದ್ದರೂ ಆ ಕಾರ್ಡು ಗೆಳೆಯರೆಲ್ಲರ ಕೈ ದಾಟಿ ಬರುತ್ತಿತ್ತು.

ಅದು ಕಿರುಪತ್ರಿಕೆಗಳ ಕಾಲ. ಗೋಪಾಲಕೃಷ್ಣ ಅಡಿಗರ 'ಸಾಕ್ಷಿ' 1962ರಲ್ಲಿ, ಧಾರವಾಡದ 'ಸಂಕ್ರಮಣ' 1964ರಲ್ಲಿ, 'ಶೂದ್ರ' 1973ರಲ್ಲಿ ಶುರುವಾದವು. ಬೇಲೂರು ತಾಲ್ಲೂಕಿನ ದಬ್ಬೆಯಲ್ಲಿ 1951ರಲ್ಲಿ ಹುಟ್ಟಿದ ವಿಜಯಾ ದಬ್ಬೆ ಬರೆಯತೊಡಗಿದ್ದು ಈ ಹೊತ್ತಿನಲ್ಲೇ. 'ಇರುತ್ತವೆ' ಕವನಸಂಕಲನ 1975ರಲ್ಲಿ ಬಂತು. ಹಾಸನದ ಬಾನು ಮುಷ್ತಾಕ್ ಅವರ ಮೊದಲ ಕಥೆ ಅಚ್ಚಾದದ್ದು ಜನಪ್ರಿಯ ವಾರಪತ್ರಿಕೆ 'ಪ್ರಜಾಮತ'ದಲ್ಲಿ. ಮುಂದೆ ಅವರು 'ಲಂಕೇಶ್ ಪತ್ರಿಕೆ'ಗೆ ವರದಿಗಾರ್ತಿಯಾದರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದರು. ಜಿಲ್ಲಾಕೇಂದ್ರದಲ್ಲಿ ಕೂತ ಹೆಣ್ಣುಮಗಳೊಬ್ಬಳಿಗೆ ಬೆಂಗಳೂರಿನ ಶಿಫಾರಸು ಬೇಕಿರಲಿಲ್ಲ, ಅಂಚೆ ಸಾಕಿತ್ತು. ಇದು ಸಣ್ಣ ಮಾತಲ್ಲ.

'ಪ್ರಜಾಮತ' ಈಗಿಲ್ಲ, 'ಸಾಕ್ಷಿ'ಯೂ ಇಲ್ಲ. ವಿವೇಕ ಶಾನಭಾಗ 2005ರಲ್ಲಿ ಶುರುಮಾಡಿದ 'ದೇಶ ಕಾಲ' ಕೆಲವು ವರ್ಷ ನಡೆದು ನಿಂತಿತು.

ಹಾಗೆಂದು ಬಾಗಿಲು ಮುಚ್ಚಿಲ್ಲ. 1968ರಲ್ಲಿ ಹುಟ್ಟಿದ 'ಮಯೂರ' ಇಂದಿಗೂ ಹೊಸಬರ ಕಥೆ ಹಾಕುತ್ತದೆ. 'ಪ್ರಜಾವಾಣಿ'ಯ ದೀಪಾವಳಿ ಕಥಾಸ್ಪರ್ಧೆಗೆ ಯಾವ ಊರಿಂದಲೂ ಬರೆಯಬಹುದು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ವಸುಧೇಂದ್ರರ ಛಂದ ಪುಸ್ತಕ ಹೊಸ ಕಥೆಗಾರರ ಹಸ್ತಪ್ರತಿಗಳನ್ನು ಕರೆದು ಆರಿಸಿ ಅಚ್ಚು ಹಾಕುತ್ತ ಬಂದಿದೆ. ಹಳೇಬೀಡಿನ ಹುಡುಗಿ ಮೊಬೈಲಿನಲ್ಲೇ ಯೂನಿಕೋಡ್ ಟೈಪು ಮಾಡಿ ಇಮೇಲ್ ಕಳಿಸಿದರಾಯಿತು. ಲಕೋಟೆಯ ಖರ್ಚೂ ಇಲ್ಲ.

ಕಡಿಮೆಯಾಗಿರುವುದು ಸಂಪಾದಕರ ಆ ಕಾರ್ಡು. ಫೇಸ್‌ಬುಕ್ಕಿಗೆ ಹಾಕಿದ ಪದ್ಯಕ್ಕೆ ಸಂಜೆಯೊಳಗೆ ಮೆಚ್ಚುಗೆ ಬೀಳುತ್ತದೆ, ಆದರೆ ಮೂರನೆಯ ಸಾಲು ಸಡಿಲವಾಗಿದೆ ಎಂದು ತಿದ್ದಿ ಹೇಳುವವರು ಅಲ್ಲಿ ಸಿಗುವುದು ಕಷ್ಟ. ಆ ಕೆಲಸವನ್ನು ಅರಸೀಕೆರೆ, ಹಾಸನ, ಹಳೇಬೀಡಿನಂಥ ಊರುಗಳ ಕನ್ನಡ ಮೇಷ್ಟ್ರುಗಳು ಇವತ್ತೇ ಕೈಗೆತ್ತಿಕೊಳ್ಳಬಹುದು: ಕಾಲೇಜಿನ ವಾಚನಾಲಯಕ್ಕೆ 'ಮಯೂರ', 'ತುಷಾರ' ತರಿಸಿ, ಮಕ್ಕಳ ಜೊತೆ ಕೂತು ಓದಿ, ಅವರು ಬರೆದದ್ದನ್ನು ಕಳಿಸುವ ಮೊದಲು ಒಮ್ಮೆ ಪೆನ್ಸಿಲು ಹಿಡಿದು ನೋಡಿಕೊಡಬೇಕು.