ಮುಳ್ಳು ಇಳಿಯಿತು ಅಂತ ಖುಷಿಪಟ್ಟೆವು

ನಮ್ಮದು ಮೂವರ ಕಾರು. ಒಬ್ಬ ಪೇಪರಿಗೆ ಬರೆಯುವವನು, ಒಬ್ಬ ಟಿವಿಗೆ ವಿಡಿಯೊ ಕಳಿಸುವವನು, ಇನ್ನೊಬ್ಬ ಎರಡೂ ಅಷ್ಟಿಷ್ಟು ಮಾಡಿಕೊಂಡು ಮೊಬೈಲ್ ಅಂಗಡಿ ಇಟ್ಟುಕೊಂಡವನು. ಹಿರಿಯೂರು ತಾಲ್ಲೂಕಿನಲ್ಲಿ ಸುದ್ದಿ ಒಂದೇ ದಿಕ್ಕಿನಲ್ಲಿ ಹುಟ್ಟುವುದಿಲ್ಲ. ಬೆಳಗ್ಗೆ ಧರ್ಮಪುರದ ಕಡೆ ಕೆರೆಗೆ ನೀರು ಬಿಡಿ ಅಂತ ಧರಣಿ ಇದ್ದರೆ, ಮಧ್ಯಾಹ್ನ ಜವಗೊಂಡನಹಳ್ಳಿ ಹತ್ತಿರ ಹೈವೇಯಲ್ಲಿ ಲಾರಿ ಮಗುಚಿರುತ್ತದೆ. ಮೂರು ಬೈಕು, ಮೂರು ಕಡೆ ಪೆಟ್ರೋಲು. ಸುದ್ದಿ ಬಂದರೆ ದುಡ್ಡು, ಬರದಿದ್ದರೆ ಪೆಟ್ರೋಲು ನಮ್ಮ ತಲೆಗೆ. ಸೇರಿ ಒಂದು ಹಳೇ ಕಾರು ತಗೊಂಡರೆ ಹೇಗೆ ಅಂತ ಮಾತು ಬಂದದ್ದು ಹೀಗೆ.

2021ರಲ್ಲಿ ತಗೊಂಡೆವು. 2009ರ ಮಾಡೆಲ್, ಡೀಸೆಲ್, ಹಿಂದೆ ಡಿಕ್ಕಿ ಇರುವ ಸೆಡಾನ್ ಗಾಡಿ. ಯಾವ ಕಂಪನಿ ಅಂತ ಬರೆಯುವುದಿಲ್ಲ, ಯಾಕೆಂದರೆ ಮುಂದೆ ಹೇಳುವ ತಪ್ಪು ಕಂಪನಿಯದಲ್ಲ. 1 ಲಕ್ಷ 35 ಸಾವಿರ. ಒಬ್ಬೊಬ್ಬರದು 45 ಸಾವಿರ. ಅದರಲ್ಲಿ ಒಬ್ಬನ ಪಾಲು ಹೆಂಡತಿಯ ಸರ ಅಡ ಇಟ್ಟು ತಂದದ್ದು. ಆರ್‌ಸಿ ಒಬ್ಬನ ಹೆಸರಿಗೆ, ನಂಬಿಕೆ ಮೂವರದು. ನೋಟ್‌ಬುಕ್ಕಿನ ಹಾಳೆಯಲ್ಲಿ ಒಂದು ಒಪ್ಪಂದ ಬರೆದುಕೊಂಡೆವು. ಅದರ ಮೊದಲ ಸಾಲು: ಮಂಗಳವಾರ, ಶುಕ್ರವಾರ ಗಾಡಿ ಅವ್ವನಿಗೆ. ನಮ್ಮಲ್ಲೊಬ್ಬನ ಅವ್ವನಿಗೆ ವಾರಕ್ಕೆ ಎರಡು ಸಲ ಚಿತ್ರದುರ್ಗದಲ್ಲಿ ಡಯಾಲಿಸಿಸ್. ಹೋಗಲು 40 ಕಿಲೋಮೀಟರ್, ಬರಲು 40. ಹೋಗುವಾಗ ಪರವಾಗಿಲ್ಲ, ಬರುವಾಗ ಆಕೆಗೆ ಕೂರಲೂ ತ್ರಾಣ ಇರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬರಬಹುದು ಅನ್ನುವುದೇ ಆ ಕಾರಿನ ಮುಖ್ಯ ಉಪಯೋಗವಾಗಿತ್ತು. ಸುದ್ದಿ ಆಮೇಲೆ.

ಈಗ ನಾಚಿಕೆಯ ವಿಷಯ. ನಮ್ಮ ಕೆಲಸವೇ ಪ್ರಶ್ನೆ ಕೇಳುವುದು. ಗ್ರಾಮ ಪಂಚಾಯಿತಿ ಬಿಲ್ಲು ಹಿಡಿದು ಈ ಪೈಪು ಎಲ್ಲಿ ಹೋಯಿತು ಅಂತ ಕೇಳಿದವರು ನಾವು. ಆ ಬ್ರೋಕರ್ ಮುಂದೆ ಮಾತ್ರ ಬಾಯಿ ಬಿಡಲಿಲ್ಲ. ನಾವು ಹೋಗುವಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗಿ ನಿಂತಿತ್ತು. ಇಂಜಿನ್ನು ಬಿಸಿ ಇತ್ತು, ತೊಳೆದು ಹೊಳೆಯುತ್ತಿತ್ತು. ಎಷ್ಟು ಚೆನ್ನಾಗಿ ಇಟ್ಟುಕೊಂಡಿದಾರೆ ಅಂದುಕೊಂಡೆವು. ತೊಳೆದ ಇಂಜಿನ್ನಲ್ಲಿ ಆಯಿಲ್ ಎಲ್ಲಿ ಜಿನುಗುತ್ತದೆ ಅಂತ ಕಾಣುವುದಿಲ್ಲ, ಬಿಸಿಯಾದ ಇಂಜಿನ್ನು ಬೆಳಗಿನ ಮೊದಲ ಸ್ಟಾರ್ಟಿನ ತೊಂದರೆಯನ್ನು ತೋರಿಸುವುದಿಲ್ಲ ಅಂತ ಆಗ ಗೊತ್ತಿರಲಿಲ್ಲ. ನೀವು ಹಳೇ ಗಾಡಿ ನೋಡಲು ಹೋದರೆ ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಹೋಗಿ, ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ, ಯಾಕೆ ಅಂತ ಕೇಳಿ.

ಮೀಟರಿನಲ್ಲಿ 78 ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಹನ್ನೆರಡು ವರ್ಷದ ಡೀಸೆಲ್ ಗಾಡಿಗೆ 78 ಸಾವಿರ! ಆದರೆ ಕ್ಲಚ್ ಪೆಡಲ್ಲಿನ ರಬ್ಬರು ಸವೆದು ನುಣ್ಣಗಾಗಿತ್ತು. ಸ್ಟೇರಿಂಗಿನ ಮೇಲ್ಭಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೀಟರು ಒಂದು ಹೇಳಿದರೆ ಪೆಡಲ್ಲು ಇನ್ನೊಂದು ಹೇಳುತ್ತಿತ್ತು. ಆರ್‌ಟಿಓ ಕಚೇರಿಯಲ್ಲಿ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿದ್ದರೆ ಎಷ್ಟು ಕೈ ಬದಲಾಗಿದೆ, ಸಾಲ ಬಾಕಿ ಇದೆಯಾ ಅನ್ನುವುದಾದರೂ ಗೊತ್ತಾಗುತ್ತಿತ್ತು. ತೆಗೆಸಿದ್ದು ಹಣ ಕೊಟ್ಟ ಮೇಲೆ. ನಾವು ನಾಲ್ಕನೇ ಮಾಲೀಕರು.

ಒಂದು ವರ್ಷ ಗಾಡಿ ಓಡಿತು. ಅವ್ವ ಹಿಂದಿನ ಸೀಟಿನಲ್ಲಿ ಒಂದು ದಿಂಬು, ಒಂದು ದುಪ್ಪಟಿ ಕಾಯಂ ಇಟ್ಟುಬಿಟ್ಟಳು. ಆದರೆ ನೀರು ಕುಡಿಯುತ್ತಿತ್ತು ಗಾಡಿ. ಹದಿನೈದು ದಿನಕ್ಕೊಮ್ಮೆ ಬಾನೆಟ್ ಎತ್ತಿ ಅರ್ಧ ಲೀಟರ್ ಹಾಕುತ್ತಿದ್ದೆವು. ಆಮೇಲೆ ವಾರಕ್ಕೊಮ್ಮೆ ಆಯಿತು. ಹಳೇ ಗಾಡಿ ಅಲ್ವಾ, ಕುಡಿಯುತ್ತೆ ಅಂತ ನಮಗೆ ನಾವೇ ಹೇಳಿಕೊಂಡೆವು. ಹಾಕಿದ್ದು ಯಾವ ನೀರು? ಮನೆ ಮುಂದಿನ ಬೋರ್‌ವೆಲ್ ನೀರು.

ನಮ್ಮ ಕಡೆಯ ಬೋರ್ ನೀರು ನಿಮಗೆ ಗೊತ್ತಲ್ಲ. ಸ್ನಾನದ ಹಂಡೆಯೊಳಗೆ ಬಿಳೀ ಕಿಟ್ಟ ಕಟ್ಟುತ್ತದೆ, ಸೋಲಾರ್ ಪೈಪು ನಾಲ್ಕು ವರ್ಷಕ್ಕೆ ಮುಚ್ಚಿಹೋಗುತ್ತದೆ. ಅದೇ ಸುಣ್ಣ ರೇಡಿಯೇಟರಿನ ಒಳಗೂ ಕೂರುತ್ತದೆ. ರೇಡಿಯೇಟರಿನ ನಾಳಗಳು ಹಂಡೆಯಷ್ಟು ಅಗಲ ಇರುವುದಿಲ್ಲ, ತೆಳ್ಳಗೆ ಚಪ್ಪಟೆಯಾಗಿರುತ್ತವೆ. ಸುಣ್ಣ ಕೂತಷ್ಟೂ ನೀರು ಹರಿಯುವುದು ಕಡಿಮೆ, ಬಿಸಿ ಹೊರಗೆ ಹೋಗುವುದೂ ಕಡಿಮೆ. ಅಲ್ಲಿ ಹಾಕಬೇಕಾದದ್ದು ಕೂಲಂಟ್, ಅದನ್ನು ಬೆರೆಸಲು ಬ್ಯಾಟರಿಗೆ ಹಾಕುವಂಥ ಶುದ್ಧ ನೀರು. ಕೂಲಂಟ್ ಬೆರೆತ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಒಳಗೆ ತುಕ್ಕು ಹಿಡಿಯಲೂ ಬಿಡುವುದಿಲ್ಲ. ಅದರ ಮುಚ್ಚಳವೂ ಬರೀ ಮುಚ್ಚಳವಲ್ಲ. ಪ್ರೆಷರ್ ಕುಕ್ಕರಿನ ಹಾಗೆ ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಹಂತವನ್ನು ಇನ್ನೂ ಮೇಲಕ್ಕೆ ಒಯ್ಯುತ್ತದೆ. ಆ ಮುಚ್ಚಳದ ರಬ್ಬರು ಹಳತಾದರೆ ಅಷ್ಟೇ ಸಾಕು, ನೀರು ಆವಿಯಾಗಿ ಹೋಗುತ್ತಿರುತ್ತದೆ, ಕೆಳಗೆ ಒಂದು ಹನಿ ಸೋರಿದ್ದೂ ಕಾಣುವುದಿಲ್ಲ.

ಇನ್ನೊಂದು ಕತೆ ನಮಗೆ ಗೊತ್ತೇ ಇರಲಿಲ್ಲ. ಹಿಂದಿನ ಮಾಲೀಕರಲ್ಲಿ ಯಾರೋ ಥರ್ಮೋಸ್ಟಾಟ್ ವಾಲ್ವು ಕಿತ್ತು ಹಾಕಿಸಿದ್ದರು. ಇಂಜಿನ್ನು ತಣ್ಣಗಿದ್ದಾಗ ರೇಡಿಯೇಟರ್ ಕಡೆಗೆ ನೀರು ಬಿಡದೆ, ಬಿಸಿಯಾದ ಮೇಲೆ ಬಿಡುವ ಸಣ್ಣ ಬಾಗಿಲು ಅದು. ಅದು ಕೆಟ್ಟು ಮುಚ್ಚಿಕೊಂಡರೆ ಇಂಜಿನ್ನು ಹೀಟ್ ಆಗುತ್ತದೆ. ಹೊಸದು ಹಾಕುವ ಬದಲು ಕಿತ್ತರೆ ಆಯಿತು ಅನ್ನುವುದು ನಮ್ಮ ಕಡೆ ಬಹಳ ಗ್ಯಾರೇಜುಗಳ ಔಷಧಿ. ಕಿತ್ತ ಮೇಲೆ ಇಂಜಿನ್ನಿಗೆ ಬೇಕಾದ ಬಿಸಿ ಬೇಗ ಬರುವುದಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಮುಳ್ಳು ಯಾವಾಗಲೂ ಕೆಳಗೇ ಇರುತ್ತದೆ. ನಮ್ಮದೂ ಹಾಗೇ ಇತ್ತು. ನೋಡ್ರೋ, ಎಷ್ಟು ಕೂಲ್ ಆಗಿದೆ ಗಾಡಿ ಅಂತ ಹೊಗಳಿಕೊಂಡಿದ್ದೆವು.

2022ರ ಸೆಪ್ಟೆಂಬರ್. ವಾಣಿವಿಲಾಸ ಸಾಗರ ತುಂಬಿ ಕೋಡಿ ಬಿತ್ತು. 1933ರ ನಂತರ ಮೊದಲ ಸಲ, 89 ವರ್ಷಕ್ಕೆ. ನಮ್ಮ ಅಜ್ಜಂದಿರು ಹೇಳಿದ ಮಾರಿಕಣಿವೆ ಕೋಡಿಯನ್ನು ನಾವು ಕಣ್ಣಾರೆ ಕಂಡೆವು. ಊರಿಗೆ ಊರೇ ಅಲ್ಲಿತ್ತು. ಟ್ರ್ಯಾಕ್ಟರ್, ಟಾಟಾ ಏಸ್, ಬೈಕಿನಲ್ಲಿ ಮೂವರು ನಾಲ್ವರು. ನಮಗಂತೂ ಹಬ್ಬ. ಬೆಂಗಳೂರಿನ ಡೆಸ್ಕಿನವರು ಅವರಾಗಿಯೇ ಫೋನ್ ಮಾಡುವ ದಿನ ನಮ್ಮ ಬದುಕಿನಲ್ಲಿ ಎಷ್ಟು ಬರುತ್ತವೆ? ವಿಡಿಯೊ ತೆಗೆದಾಯಿತು, ಆದರೆ ಅಷ್ಟು ಜನರ ನಡುವೆ ನೆಟ್‌ವರ್ಕ್ ಇಲ್ಲ. ಹಿರಿಯೂರಿಗೆ ಹೋಗಿಯೇ ಕಳಿಸಬೇಕು. ರಸ್ತೆ ತುಂಬ ಗಾಡಿ. ಫಸ್ಟ್ ಗೇರು, ನ್ಯೂಟ್ರಲ್, ಮತ್ತೆ ಫಸ್ಟ್ ಗೇರು. ಮೇಲೆ ಎಸಿ.

ನಿಧಾನ ಹೋಗುವಾಗ ಎದುರುಗಾಳಿ ಇರುವುದಿಲ್ಲ, ರೇಡಿಯೇಟರ್ ಹಿಂದಿನ ಫ್ಯಾನ್ ಒಂದೇ ಗತಿ. ಆ ಫ್ಯಾನು ತಿರುಗುತ್ತಿರಲಿಲ್ಲ. ಎಂದಿನಿಂದ ನಿಂತಿತ್ತೋ, ಹೈವೇಯಲ್ಲಿ ಓಡುವಾಗ ಗಾಳಿಯೇ ಕೆಲಸ ಮಾಡಿಬಿಡುತ್ತಿತ್ತು, ನಮಗೆ ತಿಳಿದಿರಲಿಲ್ಲ. ಮುಳ್ಳು ಏರಿತು. ಅರ್ಧ ದಾಟಿತು, ಕೆಂಪಿಗೆ ಮುಟ್ಟಿತು. ಎಸಿ ಆರಿಸಿದೆವು. ನಿಲ್ಲಿಸೋಣ ಅಂತ ಒಬ್ಬ ಅಂದ. ಹತ್ತು ನಿಮಿಷ ಅಷ್ಟೇ, ಬುಲೆಟಿನ್ ತಪ್ಪಿಹೋಗುತ್ತೆ ಅಂತ ಇನ್ನೊಬ್ಬ. ಅಷ್ಟರಲ್ಲಿ ಮುಳ್ಳು ತಾನಾಗಿಯೇ ಕೆಳಗಿಳಿಯಿತು. ಪೂರ್ತಿ ಕೆಳಗೆ. ನಾವು ಮೂವರೂ ಉಸಿರು ಬಿಟ್ಟು ನಕ್ಕೆವು. ಒಬ್ಬ ಡ್ಯಾಶ್‌ಬೋರ್ಡಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ. ಅಲ್ಲಿಂದ ಮುಂದೆ ಮೂರು ನಾಲ್ಕು ಕಿಲೋಮೀಟರ್ ಜೋರಾಗಿಯೇ ಓಡಿಸಿದೆವು. ಆಮೇಲೆ ಪಿಕಪ್ ಸತ್ತುಹೋಯಿತು, ಒಳಗೆ ಟಕಟಕ ಶಬ್ದ, ಹಿಂದೆ ನೋಡಿದರೆ ಬಿಳೀ ಹೊಗೆ. ನಿಂತಿತು.

ವಿಡಿಯೊ ಬೇರೆಯವರ ಬೈಕಿನಲ್ಲಿ ಹೋಗಿ ಕಳಿಸಿದೆವು. ಬಂತು, ಹೆಸರು ಸಮೇತ.

ಗಾಡಿಯನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ತಂದು ಗ್ಯಾರೇಜಿಗೆ ಬಿಟ್ಟೆವು. ಭಾಯ್ ಮೊದಲು ಆಯಿಲ್ ಮುಚ್ಚಳ ತೆಗೆದು ನಮ್ಮ ಮುಂದೆ ಹಿಡಿದರು. ಒಳಗೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣದ ಕೆನೆ. ಆಯಿಲಿಗೆ ನೀರು ಬೆರೆತಿದೆ ಅಂದರು. ನಾವು ನಮ್ಮ ವಾದ ಹೇಳಿದೆವು: "ಇಲ್ಲ ಭಾಯ್, ಹೀಟ್ ಆಗಿತ್ತು ನಿಜ, ಆದ್ರೆ ಮುಳ್ಳು ಇಳೀತಲ್ಲ."

ಭಾಯ್ ನಮ್ಮ ಮುಖ ನೋಡಿದರು. "ಪೇಪರ್ ಅಣ್ಣ, ಮುಳ್ಳಿನ ಸೆನ್ಸಾರು ಇರೋದು ನೀರೊಳಗೆ. ನೀರೇ ಖಾಲಿ ಆದ್ಮೇಲೆ ಅದು ಯಾರ್ನ ಮುಟ್ಟಿ ಹೇಳ್ಬೇಕು ಬಿಸಿ ಅಂತ?"

ಕುದಿದು ಎಲ್ಲ ಹೊರಗೆ ಹೋಗಿತ್ತು. ಸೆನ್ಸಾರು ಒಣಗಿತ್ತು, ಮುಳ್ಳು ಇಳಿದಿತ್ತು. ನಾವು ನಕ್ಕಿದ್ದು ಇಂಜಿನ್ನು ಸಾಯುತ್ತಿದ್ದ ಗಳಿಗೆಯಲ್ಲಿ.

ಇಂಜಿನ್ನಿನ ಮೇಲಿನ ಭಾಗ, ಹೆಡ್ಡು, ಅಲ್ಯುಮಿನಿಯಂ. ನಮ್ಮ ಗಾಡಿಯಲ್ಲಿ ಕೆಳಗಿನ ಬ್ಲಾಕು ಬೀಡುಕಬ್ಬಿಣ. ಬಿಸಿಗೆ ಅಲ್ಯುಮಿನಿಯಂ ಜಾಸ್ತಿ ಹಿಗ್ಗುತ್ತದೆ, ಮಿತಿ ಮೀರಿದರೆ ಬಾಗುತ್ತದೆ. ಎರಡರ ನಡುವಿನ ಗ್ಯಾಸ್ಕೆಟ್ ಸುಟ್ಟುಹೋಗಿ ನೀರಿನ ದಾರಿ, ಆಯಿಲಿನ ದಾರಿ ಒಂದಾಗಿದ್ದವು. ಹೆಡ್ಡು ಬಿಚ್ಚಿ ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಬೇಕು. ಗ್ಯಾಸ್ಕೆಟ್, ಥರ್ಮೋಸ್ಟಾಟ್, ಹೋಸ್ ಪೈಪು, ರೇಡಿಯೇಟರ್ ಮುಚ್ಚಳ, ಫ್ಯಾನ್ ಮೋಟಾರು. "ಹೆಂಗೂ ಬಿಚ್ಚಿದೀವಿ, ಟೈಮಿಂಗ್ ಬೆಲ್ಟು, ವಾಟರ್ ಪಂಪೂ ಹಾಕ್ಬಿಡಿ" ಅಂದರು ಭಾಯ್. ಹಳೇ ಬೆಲ್ಟು ತೋರಿಸಿದರು. ಹಲ್ಲುಗಳ ಬುಡದಲ್ಲಿ ಬಿರುಕು. ಅದು ಓಡುವಾಗ ಕಿತ್ತುಹೋಗಿದ್ದರೆ ಪಿಸ್ಟನ್ನು ಹೋಗಿ ವಾಲ್ವಿಗೆ ಬಡಿದು ಪೂರ್ತಿ ಇಂಜಿನ್ನೇ ಹೋಗುತ್ತಿತ್ತಂತೆ. ಬೆಲ್ಟು ಇಷ್ಟು ಕಿಲೋಮೀಟರಿಗೆ, ಇಷ್ಟು ವರ್ಷಕ್ಕೆ ಬದಲಿಸಿ ಅಂತ ಕಂಪನಿ ಪುಸ್ತಕದಲ್ಲಿ ಇರುತ್ತದೆ. ಆದರೆ ಮೀಟರನ್ನೇ ಹಿಂದಕ್ಕೆ ತಿರುಗಿಸಿದ್ದರೆ ಯಾವ ಲೆಕ್ಕದಲ್ಲಿ ಬದಲಿಸುವುದು? ಮೀಟರ್ ತಿರುಗಿಸುವವನು ಬರೀ ಬೆಲೆಯಲ್ಲಿ ಮೋಸ ಮಾಡಿದ ಅಂದುಕೊಂಡಿದ್ದೆವು. ಅವನು ಹಿಂದಿನ ಸೀಟಿನಲ್ಲಿ ಮಲಗಿದ್ದ ಅವ್ವನ ಜೀವವನ್ನೂ ಪಣಕ್ಕಿಟ್ಟಿದ್ದ.

ಒಟ್ಟು 34 ಸಾವಿರ. ಗಾಡಿ ಗ್ಯಾರೇಜಿನಲ್ಲಿ ಮೂರು ವಾರ. ಆ ಆರು ಸಲವೂ ಅವ್ವ ಬಸ್ಸಿನಲ್ಲಿ ಹೋಗಿ ಬಂದಳು. ನಾಲ್ಕನೇ ಸಲ ಬರುವಾಗ ಸೀಟು ಸಿಗದೆ ಸ್ವಲ್ಪ ದೂರ ಕೆಳಗೇ ಕೂತಿದ್ದಳಂತೆ. ಆಕೆ ಹೇಳಲಿಲ್ಲ. ಸೀರೆಯ ಮಣ್ಣು ನೋಡಿ ಮಗ ಕೇಳಿದ ಮೇಲೆ ಹೇಳಿದ್ದು. ಆವತ್ತು ರಾತ್ರಿ ನಮ್ಮ ಮೂವರ ನಡುವೆ ಜಗಳವಾಯಿತು. ಓಡಿಸಿದವನು ಯಾರು, ನಿಲ್ಲಿಸು ಅಂದವನು ಯಾರು, ಬೇಡ ಅಂದವನು ಯಾರು? 34 ಸಾವಿರ ಅವನೇ ಕೊಡಲಿ. ಹೆಂಡತಿಯ ಸರ ಇನ್ನೂ ಬ್ಯಾಂಕಿನಲ್ಲೇ ಇದ್ದವನು ನನ್ನ ಪಾಲು ವಾಪಸ್ ಕೊಟ್ಟುಬಿಡಿ ಅಂದ. ಎರಡು ದಿನ ಮಾತಿಲ್ಲ. ಮೂರನೇ ದಿನ ಗ್ಯಾರೇಜಿನಲ್ಲಿ ಎದುರಾದಾಗ, ಬಾಗಿದ ಹೆಡ್ಡಿನ ಮೇಲೆ ಭಾಯ್ ಸ್ಕೇಲ್ ಇಟ್ಟು ಅಡಿಯಲ್ಲಿ ಬೆಳಕು ತೂರುವುದನ್ನು ತೋರಿಸುತ್ತಿದ್ದರು. ಮೂವರೂ ಬಗ್ಗಿ ನೋಡಿದೆವು. ಆಮೇಲೆ ಚಹಾ ಕುಡಿದೆವು. ಖರ್ಚು ಮೂರು ಪಾಲಾಯಿತು. ಸ್ಟೇರಿಂಗ್ ಹಿಡಿದಿದ್ದವನು ಯಾರು ಅಂತ ಇಲ್ಲಿಯೂ ಬರೆಯುವುದಿಲ್ಲ. ಓಡಿಸಿದ್ದು ನಾವು.

ಆ ಮೂರು ವಾರ ಗ್ಯಾರೇಜಿನ ಕಲ್ಲಿನ ಮೇಲೆ ಕೂತು ಕಲಿತದ್ದು ಜರ್ನಲಿಸಂ ಡಿಪ್ಲೊಮಾದ ಒಂದು ಸೆಮಿಸ್ಟರಿಗೆ ಸಮ. ಹೊಗೆಯ ಬಣ್ಣ ನೋಡುವುದನ್ನು ಭಾಯ್ ಕಲಿಸಿದರು. ಬೆಳಗಿನ ಚಳಿಯಲ್ಲಿ ಒಂದು ನಿಮಿಷ ಬಿಳಿ ಹೊಗೆ ಬಂದರೆ ಹೆದರಬೇಡಿ. ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಿದ್ದರೆ, ಸಿಹಿ ವಾಸನೆ ಇದ್ದರೆ, ಕೂಲಂಟ್ ಒಳಗೆ ಸುಡುತ್ತಿದೆ. ನೀಲಿ ಛಾಯೆ ಇದ್ದರೆ ಆಯಿಲ್ ಸುಡುತ್ತಿದೆ, ರಿಂಗೋ ವಾಲ್ವಿನ ಸೀಲೋ ಟರ್ಬೊನೋ ಹೋಗಿದೆ. ಕಪ್ಪು ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಕಪ್ಪಿಗೆ ಮೊದಲು ಏರ್ ಫಿಲ್ಟರ್ ನೋಡಿ. ನಮ್ಮೂರ ಧೂಳಿಗೆ ಅರ್ಧ ರೋಗ ಅಲ್ಲೇ ವಾಸಿಯಾಗುತ್ತದೆ, ಆಮೇಲೆ ಇಂಜೆಕ್ಟರ್, ಇಜಿಆರ್ ಮಾತು. ಡೀಸೆಲ್ ಇಂಜಿನ್ನಿನ ಆಯಿಲ್ ಕಪ್ಪಗಿದ್ದರೆ ಗಾಬರಿ ಬೇಡ, ಅದು ಬೇಗನೆ ಕಪ್ಪಾಗುವುದೇ. ಕೆನೆ ಕಟ್ಟಿದರೆ ಮಾತ್ರ ಗಾಡಿ ಅಲ್ಲೇ ನಿಲ್ಲಿಸಿ.

ಇನ್ನು ಬ್ಯಾಕ್ ಕಂಪ್ರೆಷನ್. ಗಾಡಿ ಸ್ಟಾರ್ಟಿನಲ್ಲಿ ಇದ್ದಾಗ ಆಯಿಲ್ ಮುಚ್ಚಳ ಸಡಿಲಿಸಿದರೆ ಬುಸಬುಸ ಅಂತ ಹೊಗೆ ಮೇಲೆ ನುಗ್ಗುತ್ತದಾ ನೋಡಿ. ಸ್ವಲ್ಪ ಆವಿ ಬಂದರೆ ಸಹಜ. ಅಕ್ಕಿ ಕುದಿಯುವಾಗ ತಟ್ಟೆ ಕುಣಿಯುವ ಹಾಗೆ ಮುಚ್ಚಳ ಕುಣಿದರೆ ಆ ಗಾಡಿ ಬಿಟ್ಟು ಮನೆಗೆ ಬನ್ನಿ.

ದಾರಿಯಲ್ಲಿ ಹೀಟ್ ಆದರೆ ಎಸಿ ಆರಿಸಿ, ಹೀಟರ್ ಪೂರ್ತಿ ತಿರುಗಿಸಿ. ನಿಮಗೆ ಬೆವರು ಕಿತ್ತುಬರುತ್ತದೆ, ಆದರೆ ಇಂಜಿನ್ನಿನ ಬಿಸಿ ಒಂದಿಷ್ಟು ಹೊರಗೆ ಬರುತ್ತದೆ. ಬದಿಗೆ ಹಾಕಿ, ಇಂಜಿನ್ನು ಆರಿಸಿ. ಮುಚ್ಚಳಕ್ಕೆ ಕೈ ಹಾಕಬೇಡಿ. ಒತ್ತಡದಲ್ಲಿರುವ ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಭಾಯ್ ಕೈಮೇಲೆ ಮೊಣಕೈವರೆಗೆ ಅದರ ಗುರುತು ಇದೆ. ತಣ್ಣೀರು ಸುರಿಯಲೂ ಬೇಡಿ, ಕಾದ ಲೋಹ ಸೀಳುತ್ತದೆ. ಅರ್ಧ ಗಂಟೆಗೂ ಹೆಚ್ಚು ಸುಮ್ಮನೆ ಕೂತಿರಬೇಕು, ಸುದ್ದಿ ಹೋದರೆ ಹೋಯಿತು.

2024ಕ್ಕೆ ಗಾಡಿಗೆ 15 ವರ್ಷ ತುಂಬಿತು. ಮಾರಿಬಿಡೋಣ ಅಂತ ಒಂದು ಮಾತು ಬಂತು. ಕೇಳಿದವರಿಗೆ ಹೆಡ್ಡು ಬಿಚ್ಚಿದ್ದನ್ನು ಮುಚ್ಚಿಡದೆ ಹೇಳಿದೆವು, ಬಂದವರು 40 ಸಾವಿರದ ಮೇಲೆ ಏರಲಿಲ್ಲ. ಆರ್‌ಟಿಓದಲ್ಲಿ ಐದು ವರ್ಷಕ್ಕೆ ರಿನ್ಯೂವಲ್ ಮಾಡಿಸಿದೆವು, 2029ರವರೆಗೆ. ಸರ ಬಿಡಿಸಿಯಾಗಿದೆ. ಡಿಕ್ಕಿಯಲ್ಲಿ ಐದು ಲೀಟರಿನ ಕೂಲಂಟ್ ಕ್ಯಾನ್ ಇರುತ್ತದೆ, ನೋಟ್‌ಬುಕ್ಕಿನ ಅದೇ ಒಪ್ಪಂದದ ಹಾಳೆಯ ಹಿಂದೆ ಯಾವ ದಿನ ಎಷ್ಟು ಹಾಕಿದೆವು ಅಂತ ಬರೆಯುತ್ತೇವೆ. ಈ ಆರು ತಿಂಗಳಲ್ಲಿ ಒಂದೇ ಒಂದು ಸಲ, ಕಾಲು ಲೀಟರ್.

ಮಂಗಳವಾರ ಬೆಳಗ್ಗೆ ಆರೂವರೆಗೆ ಗಾಡಿ ಅವ್ವನ ಮನೆ ಮುಂದೆ ನಿಲ್ಲುತ್ತದೆ. ಆಕೆ ಬಾಗಿಲಲ್ಲೇ ನಿಂತು, ದಿಂಬು ಕಂಕುಳಲ್ಲಿಟ್ಟುಕೊಂಡು ಕೇಳುತ್ತಾಳೆ: "ನೀರು ನೋಡಿದ್ರೇನ್ರೋ?" ನೋಡಿದ್ದೀವಿ ಅಂದರೂ ಸಾಲದು. ಬಾನೆಟ್ ಎತ್ತಿಸಿ, ತಾನೇ ಬಗ್ಗಿ ಆ ಬಿಳೀ ಡಬ್ಬಿಯ ಗೆರೆ ನೋಡಿಕೊಂಡ ಮೇಲೆಯೇ ಹಿಂದಿನ ಬಾಗಿಲು ತೆಗೆಯುತ್ತಾಳೆ.